ನಕಲು ಅಂದೆಯಲ್ಲ, ಪುಟ್ಟಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ನನ್ನ ತಲೆಯಲ್ಲೇ ಕೂತಿದೆ. ‘ಎರಡು ವರ್ಷ ಆಯ್ತಮ್ಮ, ಬರೀ ಹಳೇ ಕುರ್ಚಿ, ಹಳೇ ಪೆಟ್ಟಿಗೆ ರಿಪೇರಿ. ಯಾರೋ ಯಾವಾಗಲೋ ಕೆತ್ತಿದ್ದನ್ನ ನೋಡ್ಕೊಂಡು ಹಾಗೇ ಕೆತ್ತೋದು. ನಾನು ಇಷ್ಟು ದೂರ ಬಂದಿದ್ದು ನಕಲು ಮಾಡೋಕಾ?’ ಅಂದೆ. ನಾನು ಏನೂ ಹೇಳಲಿಲ್ಲ. ಒಲೆ ಮೇಲೆ ಸಾರಿದೆ ಅಂತ ಫೋನ್ ಇಟ್ಟೆ. ನಿಜ ಹೇಳಬೇಕೆಂದರೆ ಆಗ ಉತ್ತರ ಹೊಳೆಯಲಿಲ್ಲ ಕಣೇ. ಮಾರನೇ ದಿನ ಮಧ್ಯಾಹ್ನ ಥಂಡರ್‌ಬರ್ಡ್ ಪಾರ್ಕಿನಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಹೊಳೆಯಿತು. ಫೋನಿನಲ್ಲಿ ಹೇಳುವಷ್ಟು ಚಿಕ್ಕದಲ್ಲ, ಅದಕ್ಕೇ ಈ ಪತ್ರ.

ಆ ಪಾರ್ಕು ನಿನಗೆ ನೆನಪಿದೆ, ಅಲ್ವಾ? ಇಲ್ಲಿ ಕೆನಡಾದ ವಿಕ್ಟೋರಿಯಾದಲ್ಲಿ, ಮ್ಯೂಸಿಯಂ ಪಕ್ಕದ ಮೂಲೆ. ನೀನು ಚಿಕ್ಕವಳಿದ್ದಾಗ ಅಲ್ಲಿನ ಒಂದು ಕೆತ್ತಿದ ಮರದ ಕಂಬವನ್ನು ಕಂಡರೆ ನನ್ನ ಸೆರಗಿನ ಹಿಂದೆ ಅಡಗುತ್ತಿದ್ದೆ. ಮೇಲೆ ರೆಕ್ಕೆ ಬಿಚ್ಚಿದ ಗುಡುಗಿನ ಹಕ್ಕಿ, ಬುಡದಲ್ಲಿ ತುಟಿ ಮುಂದೆ ಚಾಚಿದ ದೊಡ್ಡ ಹೆಂಗಸು, ಅವಳ ಕೈಯಲ್ಲಿ ಮಗು. ‘ಗುಮ್ಮಿ’ ಅಂತ ನೀನೇ ಹೆಸರಿಟ್ಟಿದ್ದೆ. ಅವಳ ಹೆಸರು ಜುನುಕ್ವ. ಕಾಡಿನವಳು. ದೂರ ಹೋದ ಮಕ್ಕಳನ್ನು ಬೆನ್ನಿನ ಬುಟ್ಟಿಯಲ್ಲಿ ಹಾಕಿಕೊಂಡು ಹೋಗುತ್ತಾಳಂತೆ. ಸಂಪತ್ತು ಕೊಡುವವಳೂ ಅವಳೇ. ಆ ಕಂಬವನ್ನು 1953ರಲ್ಲಿ ಕೆತ್ತಿದವರು ಮುಂಗೋ ಮಾರ್ಟಿನ್. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಮತ್ತೆ ಅವರನ್ನು ಇಲ್ಲಿಗೆ ಕರೆಸಿದ್ದು ಯಾವ ಕೆಲಸಕ್ಕೆ ಗೊತ್ತಾ? ಕೊಳೆಯುತ್ತಿದ್ದ ಹಳೇ ಕಂಬಗಳನ್ನು ನೋಡಿಕೊಂಡು ಹಾಗೇ ಹೊಸದಾಗಿ ಕೆತ್ತಿಕೊಡೋಕೆ. ನೀನು ಹೇಳುವ ಮಾತಿನಲ್ಲೇ ಹೇಳಿದರೆ, ನಕಲು ಮಾಡೋಕೆ.

ಅವರ ಕಥೆ ಪೂರ್ತಿ ಹೇಳ್ತೀನಿ, ಕೇಳು.

ಮುಂಗೋ ಹುಟ್ಟಿದ್ದು 1879ರ ಸುಮಾರಿಗೆ, ನಾವಿರುವ ಇದೇ ವ್ಯಾಂಕೂವರ್ ದ್ವೀಪದ ಉತ್ತರದ ಕಡೆ, ಫೋರ್ಟ್ ರೂಪರ್ಟ್ ಅನ್ನುವ ಊರಿನಲ್ಲಿ. ಅವರ ಜನ ಕ್ವಾಕ್ವಕವಕ್ಕರು, ಇಲ್ಲಿನ ಮೂಲನಿವಾಸಿಗಳು. ಆ ಹೆಸರಿನ ಅರ್ಥವೇ ಕ್ವಾಕ್ವಲ ಮಾತಾಡುವವರು ಅಂತ. ಒಂದು ಜನ ತಮ್ಮನ್ನು ತಾವು ತಮ್ಮ ಮಾತಿನ ಹೆಸರಿನಿಂದಲೇ ಕರೆದುಕೊಳ್ಳುವುದು ನನಗೆ ತುಂಬಾ ಇಷ್ಟವಾಯಿತು. ಮಗು ದೊಡ್ಡವನಾದ ಮೇಲೆ ಕೆತ್ತನೆಗಾರನೂ ಹಾಡುಗಾರನೂ ಆಗಲಿ ಅಂತ ಮನೆಯವರು ಅವನ ರೆಪ್ಪೆಗೂದಲು ಕಿತ್ತು ಬಣ್ಣದ ಕುಂಚಕ್ಕೆ ಸೇರಿಸಿದರಂತೆ. ಪೆಟ್ಟಿಗೆಯಂಥ ಮರದ ನಗಾರಿಯೊಳಗೆ ಮಗುವನ್ನು ಮಲಗಿಸಿ ಹಾಡಿದರಂತೆ. ಅವರ ಕಡೆ ಹೇಳುವ ಕಥೆ ಇದು. ಮಗುವಿನ ಮೇಲೆ ಅಷ್ಟು ಆಸೆ ಇಟ್ಟಿದ್ದ ಆ ಅಮ್ಮನನ್ನು ನಾನು ಆಗಾಗ ನೆನೆಸಿಕೊಳ್ಳುತ್ತೇನೆ. ಯಾಕಂದರೆ ನೀನು ಮರದ ಕೆಲಸ ಕಲಿಯುತ್ತೇನೆ ಅಂದಾಗ ನಾನು ಒಂದು ವಾರ ನಿನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬಡಗಿಯ ಮಗಳಾಗಿ ನಾನೇ ಹಾಗೆ ಮಾಡಿದೆ. ಅದು ತಪ್ಪು ಪುಟ್ಟಿ. ಇದನ್ನು ನಿನಗೆ ಬಾಯಿಬಿಟ್ಟು ಯಾವತ್ತೂ ಹೇಳಿರಲಿಲ್ಲ.

ಮುಂಗೋ ಅವರ ಸ್ವಂತ ಅಪ್ಪ ತೀರಿಹೋದ ಮೇಲೆ ಅಮ್ಮ ಇನ್ನೊಂದು ಮದುವೆಯಾದಳು. ಆ ಮಲತಂದೆ ಚಾರ್ಲಿ ಜೇಮ್ಸ್. ದೊಡ್ಡ ಕೆತ್ತನೆಗಾರ. ಮುಂಗೋ ಕಲಿತದ್ದು ಅವರ ಪಕ್ಕದಲ್ಲಿ ನಿಂತು. ಕಲಿಯುವುದು ಅಂದರೆ ಅಲ್ಲಿ ನೋಡುವುದು, ಮರ ಕೆತ್ತುವ ಬಾಚಿಯನ್ನು ಕೈಯಲ್ಲಿ ಹಿಡಿಯುವುದು, ಗುರು ಗೆರೆ ಹಾಕಿದ ಕಡೆ ಕೆತ್ತುವುದು. ಅವರ ಕೆಲಸದಲ್ಲಿ ಮನಸ್ಸಿಗೆ ಬಂದದ್ದನ್ನು ಕೆತ್ತುವ ಹಾಗಿಲ್ಲ. ಒಂದೊಂದು ಆಕೃತಿಗೂ ಒಂದೊಂದು ಮನೆತನದ ಹಕ್ಕಿರುತ್ತದೆ. ಈ ಹಕ್ಕಿ ಇವರ ಮನೆಯದು, ಆ ಕರಡಿ ಅವರ ಮನೆಯದು. ಅದರ ಜೊತೆಗೆ ಒಂದು ಕಥೆ, ಒಂದು ಹಾಡು, ಒಂದು ಕುಣಿತ. ಅಷ್ಟೂ ಸೇರಿದರೇನೇ ಅದು ಪೂರ್ತಿ. ಬರೀ ಮರ ಕೆತ್ತಿದರೆ ಕಾಲು ಭಾಗ ಮಾಡಿದ ಹಾಗೆ.

ಅದೆಲ್ಲ ಒಟ್ಟಿಗೆ ಸೇರುವ ಜಾಗ ಪಾಟ್‌ಲ್ಯಾಚ್. ಹೆಸರಿಡುವುದು, ಮದುವೆ, ಸತ್ತವರನ್ನು ನೆನೆಯುವುದು, ಮುಖ್ಯಸ್ಥನ ಪಟ್ಟ, ಎಲ್ಲವೂ ಅಲ್ಲೇ. ಜನರನ್ನು ಕರೆದು, ಊಟ ಹಾಕಿ, ಮುಖವಾಡ ಕಟ್ಟಿ ಕುಣಿದು, ಕೊನೆಗೆ ಬಂದವರಿಗೆಲ್ಲ ಕೈತುಂಬ ಕೊಡುತ್ತಾರೆ. ತೆಗೆದುಕೊಂಡವರು ಸಾಕ್ಷಿ. ಬರೆದಿಡುವ ಪದ್ಧತಿ ಇಲ್ಲದ ಕಡೆ ಅದೇ ದಾಖಲೆ, ಅದೇ ಪತ್ರ. ಇಷ್ಟನ್ನೂ ಕೆನಡಾ ಸರ್ಕಾರ 1885ರಿಂದ ಅಪರಾಧ ಮಾಡಿಬಿಟ್ಟಿತು. ಕೊಟ್ಟು ಕೊಟ್ಟು ಹಾಳಾಗುತ್ತಾರೆ, ಹೀಗೇ ಇದ್ದರೆ ಕ್ರೈಸ್ತರಾಗುವುದಿಲ್ಲ, ನಾಗರಿಕರಾಗುವುದಿಲ್ಲ ಅನ್ನುವುದು ಅವರ ಲೆಕ್ಕ. 1951ರಲ್ಲಿ ಕಾನೂನನ್ನು ಹೊಸದಾಗಿ ಬರೆದಾಗ ಆ ಕಲಮನ್ನು ಸುಮ್ನೆ ಕೈಬಿಟ್ಟರು. ತಪ್ಪಾಯಿತು ಅಂತ ಒಂದು ಮಾತೂ ಇಲ್ಲ. ಲೆಕ್ಕ ಹಾಕಿ ನೋಡು. ನಿಷೇಧ ಬಂದಾಗ ಮುಂಗೋಗೆ ಸುಮಾರು ಆರು ವರ್ಷ. ಹೋದಾಗ ಎಪ್ಪತ್ತೆರಡು.

ಈ ನಡುವೆ 1921ರ ಕ್ರಿಸ್‌ಮಸ್ ಹೊತ್ತಿಗೆ ವಿಲೇಜ್ ಐಲೆಂಡ್ ಅನ್ನುವ ದ್ವೀಪದಲ್ಲಿ ಡ್ಯಾನ್ ಕ್ರ್ಯಾನ್ಮರ್ ಅನ್ನುವವರು ದೊಡ್ಡ ಪಾಟ್‌ಲ್ಯಾಚ್ ಮಾಡಿದರು. ಗುಟ್ಟು ರಟ್ಟಾಯಿತು. 45 ಜನರ ಮೇಲೆ ಕೇಸು. ಕುಣಿದದ್ದು, ಭಾಷಣ ಮಾಡಿದ್ದು, ಉಡುಗೊರೆ ಹಂಚಿದ್ದು, ಇವೇ ಅಪರಾಧ. ಮುಖವಾಡ, ತಾಮ್ರದ ಫಲಕ, ಗಿಲಕಿ ಎಲ್ಲ ಒಪ್ಪಿಸಿದರೆ ಜೈಲಿಲ್ಲ ಅಂದರು. ಒಪ್ಪದವರನ್ನು ಜೈಲಿಗೆ ಕಳಿಸಿದರು. ಕಸಿದ ಸಾಮಾನೆಲ್ಲ ಒಟ್ಟಾವಾ, ಟೊರಾಂಟೊ ಮ್ಯೂಸಿಯಂಗಳಿಗೆ ಹೋಯಿತು, ಕೆಲವು ನ್ಯೂಯಾರ್ಕಿನ ಒಬ್ಬ ಸಂಗ್ರಹಕಾರನ ಕೈಗೂ ಹೋಯಿತು. ನಮ್ಮ ಕಡೆ ಭೂತದ ಮೊಗ, ಅಣಿ, ಗಗ್ಗರ ಎಲ್ಲ ಪೊಲೀಸರು ಹೊತ್ತುಕೊಂಡು ಹೋಗಿ ದೂರದ ಊರಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಹೇಗಿರುತ್ತೆ, ಯೋಚನೆ ಮಾಡು.

ಅಂಥ ಕಾಲದಲ್ಲಿ ಕೆತ್ತನೆಗಾರನಿಗೆ ಏನು ಕೆಲಸ? ಪಾಟ್‌ಲ್ಯಾಚ್ ಇಲ್ಲ ಅಂದರೆ ಮುಖವಾಡ ಯಾರಿಗೆ ಬೇಕು, ಕಂಬ ಯಾರು ನಿಲ್ಲಿಸುತ್ತಾರೆ? ಮುಂಗೋ ಹೊಟ್ಟೆಪಾಡಿಗೆ ಮೀನು ಹಿಡಿದರು. ಆದರೆ ಕೆತ್ತನೆಯನ್ನು ಬಿಡಲಿಲ್ಲ, ಹಾಡನ್ನೂ ಬಿಡಲಿಲ್ಲ. ಇಲ್ಲೇ ನನಗೆ ಗಂಟಲು ಕಟ್ಟುತ್ತದೆ. ಅವತ್ತು ಕೈಬಿಟ್ಟಿದ್ದರೆ ಯಾರೂ ಬೈಯುತ್ತಿರಲಿಲ್ಲ.

ಆಮೇಲೆ ಕಾಲ ಸ್ವಲ್ಪ ತಿರುಗಿತು. ಅದರಲ್ಲಿ ಒಬ್ಬ ಹೆಣ್ಣುಮಗಳ ಪಾಲಿದೆ, ಅದನ್ನು ನಿನಗೆ ಹೇಳಲೇಬೇಕು. ಎಲೆನ್ ನೀಲ್. ಚಾರ್ಲಿ ಜೇಮ್ಸ್ ಅವರ ಮೊಮ್ಮಗಳು. ಮುಂಗೋ ಅವರನ್ನು ಅಂಕಲ್ ಅಂತಲೇ ಕರೆಯುತ್ತಿದ್ದ ಹುಡುಗಿ. ಕೆತ್ತನೆ ಗಂಡಸರ ಕೆಲಸ ಅಂತಿದ್ದ ಕಾಲದಲ್ಲಿ ತಾತನ ಹತ್ತಿರ ಕಲಿತು, ಏಳು ಮಕ್ಕಳನ್ನು ಸಾಕಿಕೊಂಡು, ವ್ಯಾಂಕೂವರಿನ ಸ್ಟ್ಯಾನ್ಲಿ ಪಾರ್ಕಿನಲ್ಲಿ ಕಾರ್ಯಾಗಾರ ನಡೆಸಿದವಳು. ಪ್ರವಾಸಿಗರಿಗೆ ಪುಟ್ಟ ಪುಟ್ಟ ಕಂಬ ಮಾಡಿ ಮಾರುತ್ತಿದ್ದಳು. ಅದರಿಂದಲೇ ಮನೆ ನಡೆಯಬೇಕಿತ್ತು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ ತನ್ನ ಹಳೇ ಕಂಬಗಳನ್ನು ರಿಪೇರಿ ಮಾಡಿಸಲು ಮೊದಲು ಕರೆದದ್ದು ಅವಳನ್ನೇ. ಸ್ವಲ್ಪ ದಿನ ಮಾಡಿ ಆ ಕೆಲಸವನ್ನು ಮುಂಗೋ ಅವರಿಗೆ ಬಿಟ್ಟುಕೊಟ್ಟಳು. ಅವಳು ದಾರಿ ಮಾಡದಿದ್ದರೆ ಮುಂದಿನದು ಹೇಗಾಗುತ್ತಿತ್ತೋ.

ಹಾಗೆ 1950ರ ಹೊತ್ತಿಗೆ ಅವರು ಆ ಕಂಬಗಳ ಕೆಲಸ ಶುರು ಮಾಡಿದರು. 1952ರಲ್ಲಿ ಇಲ್ಲಿಗೆ, ವಿಕ್ಟೋರಿಯಾಕ್ಕೆ ಬಂದರು. ಇಲ್ಲಿ ಕೆಲಸ ಬಯಲಲ್ಲೇ, ಎಲ್ಲರ ಕಣ್ಣೆದುರಿಗೆ. ದೊಡ್ಡ ಸೀಡರ್ ಮರ ಉದ್ದಕ್ಕೆ ಮಲಗಿಸಿ, ಬೆನ್ನಿನ ಕಡೆ ಟೊಳ್ಳು ಮಾಡಿ, ಮುಂದಿನ ಭಾಗ ಕೆತ್ತುತ್ತಾರೆ. ಹಾಗೆ ಮಾಡಿದರೆ ಭಾರವೂ ಕಡಿಮೆ, ಮರ ಒಣಗುವಾಗ ಸೀಳುವುದೂ ಕಡಿಮೆ. ನಿನಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಸಲಕರಣೆ ಅಂದರೆ ಮುಖ್ಯವಾಗಿ ಬಾಚಿ ಮತ್ತೆ ಬಾಗಿದ ಚಾಕು. ಅವರ ಬಾಚಿಗೆ ನಮ್ಮದರ ಹಾಗೆ ತೂತು ಮಾಡಿ ಹಿಡಿ ತೂರಿಸುವುದಿಲ್ಲ. ಕೊಂಬೆ ಕವಲೊಡೆಯುವ ಜಾಗ ನೋಡಿ ಕಡಿದು, ಆ ಕೊಕ್ಕೆಯನ್ನೇ ಹಿಡಿ ಮಾಡಿ, ಅದಕ್ಕೆ ಅಲಗು ಬಿಗಿದು ಕಟ್ಟುತ್ತಾರೆ.

ಸಾಯಂಕಾಲ ನಾಲ್ಕರ ಬಿಸಿಲು ಓರೆಯಾಗಿ ಬೀಳುವಾಗ ಕೆತ್ತನೆಯನ್ನು ಹತ್ತಿರದಿಂದ ನೋಡಬೇಕು. ದೂರಕ್ಕೆ ನುಣ್ಣಗೆ ಕಾಣುವ ಕಡೆ ನುಣುಪಿಲ್ಲ. ಸಾಲು ಸಾಲು ಬಾಚಿಯ ಗುರುತು, ಮೀನಿನ ಹುರುಪೆಯ ಹಾಗೆ, ಒಂದರ ಪಕ್ಕ ಒಂದು, ಒಂದೇ ಆಳ. ಒಂದೊಂದು ಗುರುತೂ ಒಂದೊಂದು ಏಟು. ಎಲ್ಲಿಯೂ ಅವಸರ ಇಲ್ಲ. ಅದನ್ನು ನೋಡುತ್ತಾ ನಿಂತರೆ ನನಗೆ ಸಾಗರದ ಮನೆಯ ಜಗುಲಿಯಲ್ಲಿ ನಿನ್ನ ಅಜ್ಜ ಕೂತು ಹಲಸಿನ ಹಲಗೆ ಕೆತ್ತುವ ಸದ್ದು ಕೇಳಿಸುತ್ತದೆ. ಟಕ್, ಟಕ್, ಟಕ್. ಮಧ್ಯೆ ಎಲೆ ಅಡಿಕೆ ಹಾಕಿಕೊಳ್ಳೋಕೆ ನಿಂತರೆ ಮಾತ್ರ ಮೌನ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಅವರನ್ನು ಕರೆದದ್ದು ಹಳೇ ಕಂಬ ನೋಡಿ ಹೊಸದು ಮಾಡೋಕೆ. ಅವರು ಅದನ್ನು ಮಾಡಿದರು, ಬೇಸರವಿಲ್ಲದೆ ಮಾಡಿದರು. ಆದರೆ ಪಕ್ಕದಲ್ಲಿ ಯಾರನ್ನು ನಿಲ್ಲಿಸಿಕೊಂಡರು ನೋಡು. ಮಗ ಡೇವಿಡ್. ಹೆನ್ರಿ ಹಂಟ್. ಹೆನ್ರಿಯ ಮಗ ಟೋನಿ, ಇನ್ನೂ ಹುಡುಗ. 1957ರಲ್ಲಿ ರೇಡಿಯೋದಲ್ಲಿ ಕೆಲಸ ಮಾಡುತ್ತಿದ್ದ ಬಿಲ್ ರೀಡ್ ಅನ್ನುವವರೂ ಬಂದು ಕೆಲವೇ ದಿನ ಜೊತೆಗೆ ಕೆತ್ತಿದರು. ಅವರ ತಾಯಿ ಹೈಡಾ ಅನ್ನುವ ಇನ್ನೊಂದು ಮೂಲನಿವಾಸಿ ಜನದವರು. ಆಮೇಲೆ ಅವರೆಷ್ಟು ದೊಡ್ಡ ಕಲಾವಿದರಾದರು ಅಂದರೆ, ನೀನು ಶಾಲೆಗೆ ಹೋಗುವಾಗ ನಾನು ಕೊಡುತ್ತಿದ್ದ ಇಪ್ಪತ್ತು ಡಾಲರ್ ನೋಟಿನ ಹಿಂದೆ ಇದ್ದದ್ದು ಅವರ ಶಿಲ್ಪವೇ. ಹಳೇ ಕಂಬದ ಅಳತೆ ತೆಗೆಯುವಾಗ, ಈ ಕಣ್ಣಿನ ಗೆರೆ ಯಾಕೆ ಇಲ್ಲಿ ತಿರುಗಿತು ಅಂತ ನೋಡುವಾಗ, ಸತ್ತುಹೋದ ಆ ಕೆತ್ತನೆಗಾರನೂ ಇವರಿಗೆಲ್ಲ ಗುರುವಾದ. ಅರವತ್ತಾರು ವರ್ಷ ಕಾನೂನು ತುಂಡು ಮಾಡಿದ್ದ ಹಗ್ಗಕ್ಕೆ ಮುಂಗೋ ಗಂಟು ಹಾಕಿದ್ದು ಇದೇ ಕೆಲಸದಲ್ಲಿ ಪುಟ್ಟಿ, ನೀನು ನಕಲು ಅನ್ನುವ ಕೆಲಸದಲ್ಲಿ.

ಪಾರ್ಕಿನಲ್ಲಿರುವ ದೊಡ್ಡ ಮರದ ಮನೆಯೂ ಅವರದೇ. ಹೆಸರು ವವದಿತ್ಲ. ಫೋರ್ಟ್ ರೂಪರ್ಟಿನಲ್ಲಿದ್ದ ಒಂದು ಹಳೇ ಮನೆಯನ್ನು ನೆನಪಿಟ್ಟು, ಅಳತೆ ಚಿಕ್ಕದು ಮಾಡಿ ಕಟ್ಟಿದ್ದು. ಅಲ್ಲಿ ಅವರು ತೋರಿಸಿಕೊಂಡದ್ದೆಲ್ಲ ತಮ್ಮ ಮನೆತನಕ್ಕೆ ಹಕ್ಕಿರುವ ಆಕೃತಿ ಮಾತ್ರ. ಹೊರಗಿನ ಆ ಗುಮ್ಮಿಯ ಕಂಬದಲ್ಲಿ ಮಾತ್ರ ತಮ್ಮದಷ್ಟೇ ಅಲ್ಲದೆ ಕ್ವಾಕ್ವಕವಕ್ಕರ ಬೇರೆ ಬೇರೆ ಪಂಗಡಗಳ ಚಿಹ್ನೆ ಹಾಕಿದರು. ಎಲ್ಲರಿಗೂ ಮರ್ಯಾದೆ ಸಲ್ಲಲಿ ಅಂತ. 1953ರ ಡಿಸೆಂಬರಿನಲ್ಲಿ ಆ ಮನೆಯ ಪ್ರವೇಶಕ್ಕೆ ಪಾಟ್‌ಲ್ಯಾಚ್ ಕೊಟ್ಟರು. ನಿಷೇಧ ಹೋದ ಮೇಲೆ ಬಹಿರಂಗವಾಗಿ ನಡೆದ ಮೊದಲ ಪಾಟ್‌ಲ್ಯಾಚ್ ಅದು. ಅದೂ ಎಲ್ಲಿ? ಪ್ರಾಂತ್ಯದ ಶಾಸನಸಭೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಮ್ಯೂಸಿಯಂ ಅಂಗಳದಲ್ಲಿ. ಅವರ ಹೆಂಡತಿ ಅಬಾಯ ನೇಯ್ಗೆಯವರು, ಕುಣಿತದ ಉಡುಪು ನೇಯುತ್ತಿದ್ದರು. ಇವರು ಮರ, ಅವರು ನೂಲು.

ಆಮೇಲೆ ದೊಡ್ಡ ದೊಡ್ಡ ಕೆಲಸ ಬಂದವು. 1956ರಲ್ಲಿ ಬೀಕನ್ ಹಿಲ್ ಪಾರ್ಕಿನ ಕಂಬ, ಸುಮಾರು 39 ಮೀಟರ್, ಆಗ ಪ್ರಪಂಚಕ್ಕೇ ಎತ್ತರದ್ದು. 1958ರಲ್ಲಿ ಬ್ರಿಟಿಷ್ ಕೊಲಂಬಿಯಾಕ್ಕೆ ನೂರು ವರ್ಷ ತುಂಬಿದಾಗ ರಾಣಿಗೆ ಕೊಡೋಕೆ 100 ಅಡಿಯ ಕಂಬ, ವರ್ಷಕ್ಕೊಂದು ಅಡಿ. ಅದು ಇಂಗ್ಲೆಂಡಿನ ವಿಂಡ್ಸರ್ ಗ್ರೇಟ್ ಪಾರ್ಕಿನಲ್ಲಿ ಈಗಲೂ ನಿಂತಿದೆ. ಆದರೆ ನನಗೆ ಎತ್ತರಕ್ಕಿಂತ ಹೆಚ್ಚು ಅನ್ನಿಸುವುದು ಅವರು ಹಾಡಿಟ್ಟ ಹಾಡುಗಳು. ಆಸ್ಟ್ರಿಯಾದಿಂದ ಜೀವ ಉಳಿಸಿಕೊಂಡು ಓಡಿಬಂದ ಇಡಾ ಹಾಲ್ಪರ್ನ್ ಅನ್ನುವ ಸಂಗೀತ ವಿದ್ವಾಂಸೆ ನೂರಕ್ಕೂ ಜಾಸ್ತಿ ಹಾಡುಗಳನ್ನು ಅವರ ಬಾಯಿಂದ ಧ್ವನಿಮುದ್ರಣ ಮಾಡಿಕೊಂಡರು. ಹಾಡಿಲ್ಲದ ಮುಖವಾಡ ಬರೀ ಮರ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

1959ರಲ್ಲಿ ಮಗ ಡೇವಿಡ್ ಸಮುದ್ರದಲ್ಲಿ ತೀರಿಕೊಂಡ. ಎಲ್ಲ ಕಲಿಸಿದ, ಎಲ್ಲ ಕೊಡಬೇಕೆಂದಿದ್ದ ಮಗ. ಇದರ ಬಗ್ಗೆ ಹೆಚ್ಚು ಬರೆಯೋಕೆ ನನ್ನ ಕೈಯಲ್ಲಿ ಆಗೋದಿಲ್ಲ.

1962ರ ಆಗಸ್ಟಿನಲ್ಲಿ ಮುಂಗೋ ಹೋದರು. ಅವರ ದೇಹವನ್ನು ವವದಿತ್ಲದೊಳಗೆ, ಅವರೇ ಕಟ್ಟಿದ ಮನೆಯಲ್ಲಿ ಇಟ್ಟಿದ್ದರು. ಆಮೇಲೆ ಕೆನಡಾದ ನೌಕಾಪಡೆಯ ಹಡಗಿನಲ್ಲಿ, ಅವರ ಜನರಿರುವ ಅಲರ್ಟ್ ಬೇ ಅನ್ನುವ ಊರಿಗೆ ಮಣ್ಣಿಗೆ ಒಯ್ದರು. ಅವರ ಜಾಗಕ್ಕೆ ಹೆನ್ರಿ ಹಂಟ್ ಬಂದರು, ಹೆನ್ರಿಯ ನಂತರ ಅವರ ಇನ್ನೊಬ್ಬ ಮಗ ರಿಚರ್ಡ್. ಕಸಿದಿದ್ದ ಮುಖವಾಡಗಳಲ್ಲೂ ತುಂಬಾ ವಾಪಸ್ ಬಂದವು. ಅವನ್ನು ಇಟ್ಟುಕೊಳ್ಳೋಕೆ 1980ರಲ್ಲಿ ಅಲರ್ಟ್ ಬೇಯಲ್ಲಿ ಕೇಂದ್ರ ತೆರೆದರು, ಹೆಸರು ಉಮಿಸ್ತ. ಹಿಂದೆ ದಾಳಿಯಲ್ಲಿ ಸೆರೆಸಿಕ್ಕವರು ಮನೆಗೆ ಮರಳಿ ಬಂದರೆ ಅವರಿಗೆ ಉಮಿಸ್ತ ಆಯಿತು ಅನ್ನುತ್ತಿದ್ದರಂತೆ. ಆ ಪದ ಓದಿದ ದಿನ ನಾನು ಅತ್ತುಬಿಟ್ಟೆ.

ನಿನ್ನ ಮೇಷ್ಟ್ರು ಮುಂದಿನ ವಾರವೂ ಒಂದು ಹಳೇ ಪೆಟ್ಟಿಗೆ ಕೊಡುತ್ತಾರೆ, ಅಲ್ವಾ. ಅದರ ತಳ, ಮೂಲೆ ಎಲ್ಲ ತಿರುಗಿಸಿ ನೋಡು. ಯಾರು ಮಾಡಿದ್ದು, ಎಲ್ಲಿ ಉಳಿ ಜಾರಿದೆ, ಎಲ್ಲಿ ಸರಿ ಮಾಡಿಕೊಂಡಿದ್ದಾರೆ, ನನಗೂ ಬರೆದು ಹೇಳು. ನಿಜವಾಗಿಯೂ ಕೇಳ್ತಿದೀನಿ, ನನಗೆ ತಿಳ್ಕೋಬೇಕು.

ಇದರ ಜೊತೆ ಒಂದು ಪಾರ್ಸೆಲ್ ಬರುತ್ತೆ. ಕೋಡುಬಳೆ, ಮೆಣಸಿನ ಪುಡಿ, ಮತ್ತೆ ಕೆಳಗೆ ಹಳೇ ಪಂಚೆಯಲ್ಲಿ ಸುತ್ತಿದ್ದು ಅಜ್ಜನ ಬಾಚಿ. ಹೋದ ಸಲ ಊರಿಗೆ ಹೋದಾಗ ಮಾವ ಕೊಟ್ಟ. ಅಲಗು ಚೆನ್ನಾಗಿದೆ, ಹಿಡಿ ಮಾತ್ರ ಸೀಳಿದೆ. ಅಜ್ಜ ಬೆರಳಿಡುತ್ತಿದ್ದ ಜಾಗ ತೇದು ಹಳ್ಳ ಬಿದ್ದಿದೆ, ನಿನ್ನ ಕೈ ಅಲ್ಲಿ ಕೂರುತ್ತಾ ನೋಡು. ಹಳೇದನ್ನು ಬಿಸಾಡಬೇಡ, ಅದನ್ನೇ ಅಳತೆಗೆ ಇಟ್ಟುಕೊಂಡು ಹೊಸದು ಕೆತ್ತಿಕೋ.

ಅಲ್ಲಿ ಚಳಿ ಜಾಸ್ತಿ, ಬೆಳಿಗ್ಗೆ ಏನಾದರೂ ತಿಂದು ಹೋಗು.

ನಿನ್ನ
ಅಮ್ಮ