ಗೆಳೆಯನಿಗೊಂದು ಪತ್ರ: ಪಾಪುವಿನ ಎಡತೋಳಿನ ಚುಚ್ಚುಮದ್ದು

ಪ್ರೀತಿಯ ಗೆಳೆಯಾ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದ ಮೇಲೆ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ. ಪಾಪು ಹುಟ್ಟಿ ಇನ್ನೂ ಹದಿನೆಂಟು ದಿನ. ಬಾಣಂತನಕ್ಕೆ ಅಂತ ಅಮ್ಮ ಮೈಸೂರಿಂದ ಇಂಗ್ಲೆಂಡಿನ ಲೀಡ್ಸ್‌ವರೆಗೆ ಬಂದಿದ್ದಾರೆ. ಬಂದ ದಿನವೇ ಮಗುವಿನ ಎಡತೋಳು ತಡವಿ ನೋಡಿ, "ಬಿಸಿಜಿ ಹಾಕಿಸಿಲ್ವೇನೋ?" ಅಂತ ಕೇಳಿದರಂತೆ. ನೀನು ವಿಚಾರಿಸಿದರೆ, ಕ್ಷಯ, ಅಂದರೆ ಟಿಬಿ ತಡೆಯುವ ಆ ಲಸಿಕೆ ಇಲ್ಲಿ ಎಲ್ಲ ಮಕ್ಕಳಿಗೂ ಕೊಡೋದಿಲ್ಲ ಅನ್ನುವ ಉತ್ತರ. ಅವತ್ತಿಂದ ಅಮ್ಮನಿಗೆ ಸಮಾಧಾನ ಇಲ್ಲ. ಪಾಪು ಅಳ್ತಿತ್ತು, ನಮ್ಮ ಮಾತು ಅರ್ಧಕ್ಕೇ ನಿಂತಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇಲ್ಲಿರುವ ನಮ್ಮ ಕಡೆಯ ನಾಲ್ಕು ಜನಕ್ಕೆ ಅನುಕೂಲ ಆಗಲಿ ಅಂತ, ನೀನು ಒಪ್ಪಿದ ಮೇಲೆಯೇ, ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ಎಲ್ಲರಿಗೂ ಕೊಡುವುದಿಲ್ಲ ಅನ್ನುವುದು ನಿಜ. ಆದರೆ ನಿನ್ನ ಮಗಳಿಗೆ ಕೊಡಲೇಬೇಕು. ವರ್ಷಕ್ಕೆ ಲಕ್ಷ ಜನರಲ್ಲಿ 40 ಅಥವಾ ಅದಕ್ಕಿಂತ ಜಾಸ್ತಿ ಮಂದಿಗೆ ಕ್ಷಯ ಬರುವ ದೇಶಗಳ ಪಟ್ಟಿಯೊಂದನ್ನು ಇಲ್ಲಿ ಇಟ್ಟುಕೊಂಡಿದ್ದಾರೆ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಇವರಲ್ಲಿ ಒಬ್ಬರು ಅಂಥ ದೇಶದಲ್ಲಿ ಹುಟ್ಟಿದ್ದರೂ ಸಾಕು, ಮಗುವಿಗೆ ಬಿಸಿಜಿ ಉಂಟು, ಅದೂ ಬಿಟ್ಟಿಯಾಗಿ. ನಮ್ಮ ದೇಶದಲ್ಲಿ ಆ ಸಂಖ್ಯೆ 200ರ ಹತ್ತಿರ ಇದೆ. ಇಂಗ್ಲೆಂಡಿನಲ್ಲಿ ಹತ್ತರ ಒಳಗೆ. ನಿಮ್ಮ ಮನೆಯಲ್ಲಿ ಪಾಪು ಒಬ್ಬಳನ್ನು ಬಿಟ್ಟರೆ ಎಲ್ಲರೂ ಭಾರತದಲ್ಲಿ ಹುಟ್ಟಿದವರೇ ಅಲ್ವಾ?

ಹಾಗಾದರೆ ಹುಟ್ಟಿದ ದಿನವೇ ಯಾಕೆ ಹಾಕಲಿಲ್ಲ ಅಂತ ಅಮ್ಮ ಕೇಳುತ್ತಾರೆ. ಮೈಸೂರಿನಲ್ಲಿ ಹೆರಿಗೆ ವಾರ್ಡಿನಿಂದ ಮನೆಗೆ ಬರುವಷ್ಟರಲ್ಲಿ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆದೂ ಕೊಟ್ಟಿರುತ್ತಾರೆ. ಇಲ್ಲೂ ಮುಂಚೆ ಹಾಗೇ ಬೇಗ ಹಾಕುತ್ತಿದ್ದರು. 2021ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನಲ್ಲಿ 28 ದಿನ ತುಂಬಿದ ಮೇಲೆ ಹಾಕುತ್ತಾರೆ. ಐದನೇ ದಿನ ಹೆರಿಗೆ ನೋಡಿಕೊಳ್ಳುವ ಮಿಡ್‌ವೈಫ್ ಬಂದು ಪಾಪುವಿನ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ರಕ್ತದ ಹನಿ ತೆಗೆದುಕೊಂಡಳಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆ. ಬಿಸಿಜಿಯಲ್ಲಿರುವುದು ಜೀವ ಇರುವ, ಆದರೆ ಬಲ ಕಳೆದ ಬ್ಯಾಕ್ಟೀರಿಯಾ. ಹುಟ್ಟುವಾಗಲೇ ರೋಗ ತಡೆಯುವ ಶಕ್ತಿ ಇಲ್ಲದ ಮಗು ತೀರ ಅಪರೂಪಕ್ಕೆ ಇರುತ್ತದೆ. ಅಂಥ ಮಗುವಿಗೆ ಈ ಲಸಿಕೆಯೇ ಕಾಯಿಲೆ ತರಬಹುದು. ಆ ದೋಷವನ್ನು ಹಿಮ್ಮಡಿ ರಕ್ತದಲ್ಲೇ ಪತ್ತೆ ಮಾಡಲು ಇಲ್ಲಿ ಕೆಲವು ಕಡೆ ಪ್ರಯೋಗವಾಗಿ ಶುರು ಮಾಡಿದರು, ಫಲಿತಾಂಶ ಬರಲಿ ಅಂತ ಲಸಿಕೆಯನ್ನು ಮುಂದೆ ಹಾಕಿದರು. ಅಮ್ಮನಿಗೆ ಇಷ್ಟು ಹೇಳು: ಮರೆತಿಲ್ಲ, ನೋಡಿಕೊಂಡು ಹಾಕುತ್ತಾರೆ.

ಅಮ್ಮನ ಹೆದರಿಕೆಯನ್ನು ಮಾತ್ರ ಹಗುರ ಮಾಡಬೇಡ. ಕೆಆರ್‌ಎಸ್ ರಸ್ತೆಯಲ್ಲಿ ಬಸ್ಸು ಪಿಕೆಟಿಬಿ ಸ್ಯಾನಟೋರಿಯಂ, ಅದೇ ಕ್ಷಯದ ಆಸ್ಪತ್ರೆ, ದಾಟುವಾಗ ನಾವೆಲ್ಲ ಮೂಗು ಹಿಡಿದುಕೊಳ್ಳುತ್ತಿದ್ದೆವಲ್ಲ? ಗೇಟು ಹಿಂದೆ ಬಿದ್ದ ಮೇಲೆಯೇ ಉಸಿರು ಬಿಡುತ್ತಿದ್ದೆವು. ಅದೇ ಹೊತ್ತಿನಲ್ಲಿ ನಿನ್ನ ಸೋದರಮಾವ ಒಳಗೆ ಮಲಗಿದ್ದರು ಅಂತ ನಮಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಮನೆಯಲ್ಲಿ ಟಿಬಿ ಅನ್ನುವ ಮಾತೇ ಎತ್ತುತ್ತಿರಲಿಲ್ಲ. ಎದೆ ಕಾಯಿಲೆ ಅನ್ನುತ್ತಿದ್ದರು, ಅದೂ ದನಿ ತಗ್ಗಿಸಿ. ಅಮ್ಮ ಕ್ಯಾರಿಯರಿನಲ್ಲಿ ಊಟ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ತಮ್ಮನನ್ನು ನೋಡಿಕೊಂಡು ಬರುತ್ತಿದ್ದರು. ವಾಪಸ್ಸು ಬಂದು ಸ್ನಾನ ಮಾಡಿದ ಮೇಲೆಯೇ ನಿನ್ನನ್ನು ಮುಟ್ಟುತ್ತಿದ್ದರು. ಅಂಥವರು ಮೊಮ್ಮಗಳ ತೋಳಿನಲ್ಲಿ ಗುರುತು ಹುಡುಕಿದರೆ ಅದರಲ್ಲಿ ತಪ್ಪೇನಿದೆ?

ಇಲ್ಲಿನವರಿಗೂ ಈ ಪ್ರಶ್ನೆ ಇದೆ ಗೊತ್ತಾ? ನಮ್ಮ ಪಕ್ಕದ ಮನೆಯಾಕೆಗೆ ಅರವತ್ತು ದಾಟಿದೆ. ಒಂದು ಸಲ ಮಾತಿಗೆ ಮಾತು ಬಂದು, ಅಂಗಿಯ ತೋಳು ಮಡಚಿ ನನಗೆ ತಮ್ಮ ಬಿಸಿಜಿ ಕಲೆ ತೋರಿಸಿದರು. ಥೇಟ್ ನಮ್ಮದೇ ಥರ, ದುಂಡಗೆ, ನಡುವೆ ಸ್ವಲ್ಪ ಗುಳಿ. ಅವರಿಗೆ ಅದನ್ನು ಹಾಕಿದ್ದು ಹೈಸ್ಕೂಲಿನಲ್ಲಿ. ಮೊದಲು ಮುಂಗೈ ಮೇಲೆ ಆರು ಸೂಜಿಯ ಪರೀಕ್ಷೆ, ಅದು ಕೆಂಪಗೆ ಊದಿಕೊಳ್ಳದಿದ್ದರೆ ಚುಚ್ಚುಮದ್ದು. ಬ್ರಿಟನ್ನಿನಲ್ಲಿ 1953ರಿಂದ 2005ರವರೆಗೆ ಶಾಲೆಯ ಮಕ್ಕಳಿಗೆ ಹೀಗೆ ಕೊಡುತ್ತಿದ್ದರು. ಇಡೀ ದೇಶದ ಎಲ್ಲ ಕೂಸುಗಳಿಗೂ ಕೊಡುವ ಪದ್ಧತಿ ಇಲ್ಲಿ ಯಾವತ್ತೂ ಇರಲಿಲ್ಲ. 2005ರಲ್ಲಿ ಶಾಲೆಯದನ್ನು ನಿಲ್ಲಿಸಿ, ಅಪಾಯ ಜಾಸ್ತಿ ಇರುವ ಮನೆಯ ಹಸುಗೂಸುಗಳ ಕಡೆ ಗಮನ ತಿರುಗಿಸಿದರು. ಆಕೆಯ ಮೊಮ್ಮಗಳ ತೋಳಿನಲ್ಲಿ ಆ ಕಲೆ ಇಲ್ಲ. "ನಿನ್ನ ಮಗಳೂ ನನ್ನ ಮೊಮ್ಮಗಳೂ ಒಂದೇ ಶಾಲೆಗೆ ಹೋಗ್ತಾರೆ. ಒಬ್ಬಳಿಗೆ ಇದೆ, ಇನ್ನೊಬ್ಬಳಿಗೆ ಯಾಕಿಲ್ಲ?" ಅಂತ ಕೇಳಿದರು. ತಟ್ಟಂತ ಉತ್ತರ ಹೊಳೆಯಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಬಿಸಿಜಿ ಗಟ್ಟಿಯಾಗಿ ಕಾಯುವುದು ಚಿಕ್ಕ ಮಕ್ಕಳನ್ನು. ಎಳೆ ಮಗುವಿಗೆ ಕ್ಷಯ ತಗುಲಿದರೆ ಅದು ಎದೆಯಲ್ಲೇ ನಿಲ್ಲದೆ ಮಿದುಳಿನ ಪೊರೆಗೆ, ಇಡೀ ಮೈಗೆ ಹರಡಬಹುದು. ಅಂಥ ಘೋರ ಕಾಯಿಲೆಯನ್ನು ಇದು ನೂರಕ್ಕೆ 70-80ರಷ್ಟು ತಡೆಯುತ್ತದೆ. ದೊಡ್ಡವರ ಶ್ವಾಸಕೋಶದ ಟಿಬಿಗೆ ಮಾತ್ರ ಇದನ್ನು ಅಷ್ಟಾಗಿ ನಂಬುವಂತಿಲ್ಲ. ನಮ್ಮ ಪಕ್ಕದಲ್ಲೇ, ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಶುರುವಾದ ದೊಡ್ಡ ಪ್ರಯೋಗದಲ್ಲಿ ದೊಡ್ಡವರಿಗೆ ರಕ್ಷಣೆಯೇ ಸಿಗಲಿಲ್ಲ. ಅಂದಮೇಲೆ ಕ್ಷಯ ಅಪರೂಪವಾದ ಊರಿನಲ್ಲಿ ಬೆಳೆದ ಹುಡುಗರಿಗೆಲ್ಲ ಹೈಸ್ಕೂಲಿನಲ್ಲಿ ಹಾಕಿ ಪ್ರಯೋಜನ ಕಡಿಮೆ. ಸ್ವೀಡನ್ 1975ರಲ್ಲೇ ಎಲ್ಲರಿಗೂ ಹಾಕುವುದನ್ನು ಬಿಟ್ಟಿತು.

ಹಾಗಾಗಿ ನಿಲ್ಲಿಸಿದ್ದು ತಪ್ಪು ಅಂತ ನನಗೆ ಅನಿಸುವುದಿಲ್ಲ. ನನಗೆ ಸಂಕಟ ಬೇರೆಯದು. ಕೊಡಬೇಕಾದ ಮಕ್ಕಳಿಗೆ ತಪ್ಪಿಹೋಗುತ್ತದಲ್ಲ, ಅದು. ಬಸುರಿದ್ದಾಗ ಮಿಡ್‌ವೈಫ್ ಕೇಳಬೇಕು, ಅಜ್ಜ ಅಜ್ಜಿ ಎಲ್ಲಿ ಹುಟ್ಟಿದ್ದು ಅಂತ. ಕೇಳದಿದ್ದರೆ ಮುಗಿಯಿತು. ಅಪ್ಪ ಅಮ್ಮ ಇಬ್ಬರೂ ಇಲ್ಲೇ ಹುಟ್ಟಿ ಬೆಳೆದ ನಮ್ಮವರ ಮನೆಗಳಲ್ಲಿ, ಮಗುವಿನ ಅಜ್ಜಿ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಹುಟ್ಟಿದ್ದರೂ ಲೆಕ್ಕಕ್ಕೆ ಬರುತ್ತದೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ನನ್ನ ಮಗಳಿಗೆ ಆಗಿದ್ದೂ ನಿನಗೆ ಗೊತ್ತಿರಲಿ. ಅವಳು ಹುಟ್ಟಿದ್ದು 2015ರಲ್ಲಿ. ಆ ವರ್ಷ ಯುರೋಪಿನಲ್ಲೆಲ್ಲ ಬಿಸಿಜಿ ಕೊರತೆ. ಹೆಸರು ಬರೆಸಿಕೊಂಡರು, ಕಾಗದ ಬರುತ್ತದೆ ಅಂದರು, ಬರಲಿಲ್ಲ. ಏಳನೇ ತಿಂಗಳಲ್ಲಿ ಊರಿಗೆ ಹೊರಡುವ ಹಿಂದಿನ ರಾತ್ರಿ ನನ್ನ ಹೆಂಡತಿ ಸೂಟ್‌ಕೇಸ್ ಮುಂದೆ ಕೂತು ಅತ್ತಿದ್ದಳು. ಮೈಸೂರಿಗೆ ಹೋದ ಮೂರನೇ ದಿನ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. "ಇಷ್ಟು ದಿನ ಯಾಕೆ ಹಾಕಿಸಿಲ್ಲ?" ಅಂತ ನರ್ಸಮ್ಮ ಗದರಿಸಿಯೇ ಹಾಕಿದರು. ಸೂಜಿಯನ್ನು ಚರ್ಮಕ್ಕೆ ಅಂಟಿಸಿದ ಹಾಗೆ ಮಲಗಿಸಿ ಮೆಲ್ಲಗೆ ಒತ್ತಿದರು. ತೊಗರಿಬೇಳೆಯಷ್ಟು ಬೆಳ್ಳಗಿನ ಗುಳ್ಳೆ ಎದ್ದಿತು. "ಈ ಗುಳ್ಳೆ ಬಂದ್ರೆ ಸರಿಯಾಗಿ ಬಿದ್ದಿದೆ ಅಂತ," ಅಂದರು. ಮನೆ ಮುಟ್ಟುವಷ್ಟರಲ್ಲಿ ಅದು ಇಳಿದಿತ್ತು.

ಪಾಪುವಿಗೆ ಹಾಕಿಸಿದ ಮೇಲೆ ಕೆಲವು ವಾರಕ್ಕೆ ಅಲ್ಲೇ ಕೆಂಪಗೆ ಗಂಟಾಗುತ್ತದೆ. ಸ್ವಲ್ಪ ಕೀವೂ ಒಸರಬಹುದು. ನಮ್ಮಮ್ಮ ಅರಿಶಿನದ ಡಬ್ಬಿ ತಂದೇಬಿಟ್ಟಿದ್ದರು. ಏನೂ ಹಚ್ಚಬಾರದು, ಹಿಚುಕಬಾರದು, ತಾನಾಗಿ ಒಣಗುತ್ತದೆ. ತೀರ ಊದಿದರೆ, ಕಂಕುಳಲ್ಲಿ ಗಡ್ಡೆ ಕಂಡರೆ ನಿಮ್ಮ ಜಿಪಿ ಡಾಕ್ಟರಿಗೆ ತೋರಿಸು. ಎಂಟನೇ ವಾರದ ಲಸಿಕೆಗಳನ್ನು ಇದಕ್ಕಾಗಿ ತಡ ಮಾಡಬೇಕಿಲ್ಲ, ಆ ತೋಳಿಗೆ ಮಾತ್ರ ಮೂರು ತಿಂಗಳು ಬೇರೆ ಯಾವ ಸೂಜಿಯೂ ಬೇಡ. ಕಲೆ ಉಳಿಯದಿದ್ದರೂ ಮತ್ತೆ ಹಾಕಿಸುವ ಅಗತ್ಯ ಇಲ್ಲ. ಅಮ್ಮನಿಗೆ ಇದನ್ನು ಈಗಲೇ ಹೇಳಿಡು.

ಇನ್ನೊಂದು ಮಾತು. ಬಿಸಿಜಿ ಆಯಿತು ಅಂತ ಊರಿಗೆ ಹೋದಾಗ ಮೈಮರೆಯಬೇಡ. ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮು ಇದ್ದರೆ, ಎಷ್ಟೇ ಹತ್ತಿರದವರಾಗಲಿ, ಕಫ ಪರೀಕ್ಷೆ ಆಗುವ ತನಕ ಪಾಪುವನ್ನು ಅವರ ತೊಡೆ ಮೇಲೆ ಬಿಡಬೇಡ. ಸಂಕೋಚ ಆಗುತ್ತದೆ, ಆದರೂ ಹೇಳು.

ಸೋಮವಾರ ಬೆಳಿಗ್ಗೆಯೇ ಪಾಪುವಿನ ಆರೋಗ್ಯ ನೋಡುವ ನರ್ಸ್, ಅಂದರೆ ನಿಮ್ಮ ಹೆಲ್ತ್ ವಿಸಿಟರ್‌ಗೆ ಫೋನ್ ಮಾಡು. ಒಂದು ಸೀಸೆ ಕಲಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಹಾಗಾಗಿ ಹತ್ತಾರು ಮಕ್ಕಳನ್ನು ಒಂದೇ ದಿನ ಕರೆಯುತ್ತಾರೆ. ದಿನಾಂಕ ಕೊಡುವ ತನಕ ಬಿಡಬೇಡ. ಪಾಪುವಿನ ಆರೋಗ್ಯದ ದಾಖಲೆ ಪುಸ್ತಕ ರೆಡ್ ಬುಕ್ ಮರೆಯದೆ ತೆಗೆದುಕೊಂಡು ಹೋಗು. ಅವತ್ತು ರಜೆ ಹಾಕಿ ನಾನೂ ರೆಡಿಂಗ್ ಊರಿಂದ ಬರುತ್ತೇನೆ. ಅಮ್ಮನ ಕೈ ಸಾರು ತಿಂದು ಬಹಳ ವರ್ಷ ಆಯ್ತು.

ಇಂತಿ ನಿನ್ನ ಗೆಳೆಯ