ಪೆನ್ಸಿಲ್‌ನಲ್ಲಿ ಬಿಡಿಸಿದ ಕಂಪ್ಯೂಟರ್ ವಿದ್ಯೆ

ಮಾನ್ಯರೇ,

ಬಯೋಇನ್ಫರ್ಮ್ಯಾಟಿಕ್ಸ್, ಅಂದರೆ ಜೀವಿಗಳ ಡಿಎನ್‌ಎ, ಪ್ರೋಟೀನ್ ಮಾಹಿತಿಯನ್ನು ಕಂಪ್ಯೂಟರ್‌ನಲ್ಲಿ ಅಳೆದು ತೂಗುವ ವಿದ್ಯೆ, ಅದರ ಸಿಲಬಸ್ ಸಭೆ ‘ಯಶಸ್ವಿ’ ಅಂತ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಆ ಸಭೆಯಲ್ಲಿ ನಾನೂ ಇದ್ದೆ ಸ್ವಾಮಿ. ಪೋಷಕರೂ ಬಂದು ಸಲಹೆ ಕೊಡಿ ಅಂತ ವಾಟ್ಸಾಪ್‌ನಲ್ಲಿ ಕರೆದಿದ್ದರು. ಮರ ಕಪಾತಿಗೆ ಬಂದ ಆಳುಗಳನ್ನು ಹಾಗೇ ಬಿಟ್ಟು, ಸುರಿಯುವ ಮಳೆಯಲ್ಲಿ ನಾಪೋಕ್ಲಿನಿಂದ ಮಡಿಕೇರಿವರೆಗೆ ಬಸ್ಸಲ್ಲಿ ನಿಂತೇ ಹೋದೆ. ಹತ್ತೂವರೆಯ ಸಭೆಗೆ ಸಾಹೇಬರು ಬಂದದ್ದು ಹನ್ನೆರಡೂ ಮುಕ್ಕಾಲಿಗೆ. ಶಾಲು, ಹಾರ, ಸ್ವಾಗತ ಮುಗಿಯುವಷ್ಟರಲ್ಲಿ ಊಟದ ಹೊತ್ತು. ಸಲಹೆ ಬರೆದು ಡಬ್ಬಿಗೆ ಹಾಕಿ ಅಂದರು. ಡಬ್ಬಿ ಎಲ್ಲಿದೆ ಅಂತ ಅಟೆಂಡರ್‌ಗೂ ಗೊತ್ತಿಲ್ಲ!

ನನ್ನ ಮಗಳು ಇದನ್ನೇ ಓದಿದವಳು. ಅವಳ ರೆಕಾರ್ಡ್ ಬುಕ್ಕನ್ನು ಪ್ಲಾಸ್ಟಿಕ್ಕಲ್ಲಿ ಸುತ್ತಿಕೊಂಡು ಹೋಗಿದ್ದೆ, ತೋರಿಸೋಣ ಅಂತ. ಡಿಎನ್‌ಎ, ಪ್ರೋಟೀನ್ ಸಾಲುಗಳಲ್ಲಿ ಹೋಲಿಕೆ ಹುಡುಕುವ ಬ್ಲಾಸ್ಟ್ ಅನ್ನೋ ಸಾಫ್ಟ್‌ವೇರ್ 1990ರಲ್ಲೇ ಬಂದದ್ದು, ನೆಟ್ ಇದ್ದರೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಇವಳು ಅದರ ಪರದೆಯನ್ನು ಸ್ಕೇಲ್ ಹಿಡಿದು ಪೆನ್ಸಿಲ್‌ನಲ್ಲಿ ಬಿಡಿಸಿದ್ದಾಳೆ, ಕೆಂಪು ಗೆರೆಗೆ ಕೆಂಪು ಸ್ಕೆಚ್ ಪೆನ್ನು. ಲ್ಯಾಬಿನಲ್ಲಿ ನೆಟ್ ಇರಲಿಲ್ಲವಂತೆ. ಚಿತ್ರಕ್ಕೆ ‘ಗುಡ್’ ಅಂತ ಷರಾ ಬೇರೆ.

ನೀಡಲ್‌ಮನ್–ವುನ್ಷ್ ಅನ್ನೋ ಲೆಕ್ಕದ ಕೋಷ್ಟಕವನ್ನು ಕೈಯಲ್ಲೇ ತುಂಬಿಸಲಿ, ಬೇಡ ಅನ್ನಲ್ಲ, ಎರಡು ಡಿಎನ್‌ಎ ಸಾಲುಗಳನ್ನು ಹೇಗೆ ಹೊಂದಿಸುತ್ತಾರೆ ಅನ್ನೋದು ಹಾಗೆ ಮಾಡಿದರೇ ತಲೆಗೆ ಹೋಗೋದು ಅಂತ ಮಗಳೇ ಹೇಳುತ್ತಾಳೆ. ಆದರೆ ಪೈಥಾನ್ ಪ್ರೋಗ್ರಾಮಿಂಗ್ ಕೊನೇ ಸೆಮಿಸ್ಟರ್‌ಗೆ, ಸಂಖ್ಯಾಶಾಸ್ತ್ರ ಬೇಕಾದವರಿಗೆ ಮಾತ್ರ ಅಂದರೆ ಹೇಗೆ? ಬ್ಲಾಸ್ಟ್ ಕೊಡುವ ಇ-ವ್ಯಾಲ್ಯೂ (ಇಂಥ ಹೋಲಿಕೆ ಬರೀ ಆಕಸ್ಮಿಕವಾಗಿ ಎಷ್ಟು ಸಿಗಬಹುದು ಅನ್ನೋ ಅಂದಾಜು) ಏನಂತ ತಿಳಿಯೋದಕ್ಕೇ ಸಂಖ್ಯಾಶಾಸ್ತ್ರ ಬೇಕಲ್ವಾ! ಹೊಸ ಸಿಲಬಸ್‌ನಲ್ಲೂ ಅದೇ ಕಥೆ, ರಟ್ಟು ಮಾತ್ರ ಹೊಸದು. ಪ್ರೋಟೀನ್ ಆಕಾರವನ್ನು ಕಂಪ್ಯೂಟರ್‌ನಲ್ಲಿ ಊಹಿಸಿದವರಿಗೆ 2024ರಲ್ಲಿ ನೊಬೆಲ್ಲೇ ಬಂತು. ನಮ್ಮಲ್ಲಿ ಯುಪಿಎಸ್ ಕುಂಯ್ ಅನ್ನುತ್ತಿದೆ.

ರೊಬಸ್ಟಾ ಕಾಫಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಮಾಹಿತಿ, 2014ರಲ್ಲೇ ಪ್ರಕಟವಾಗಿದೆ. ತೋಟದ ಮಕ್ಕಳಿಗೆ ಅದನ್ನೇ ಕೊಟ್ಟು ಕಲಿಸಬಹುದಿತ್ತು. ನಮ್ಮ ಜಿಲ್ಲೆಯದೇ ಆದ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಏನು ಚಂದ್ರಲೋಕದಲ್ಲಿದೆಯಾ?

ಇವರಿಗೆ ಹೇಳಿ ಏನು ಪ್ರಯೋಜನ. 2018ರಲ್ಲಿ ನಮ್ಮ ಮನೆ ಹಿಂದಿನ ಬರೆ (ಗುಡ್ಡದ ಮಣ್ಣಿನ ದಿಬ್ಬ) ಕುಸಿದಾಗ ಅಳತೆಗೆ ಅಂತ ಬಂದ ಸಾಹೇಬರು ಎರಡು ಲೋಟ ಕಾಫಿ ಕುಡಿದು ಹೋದವರು ಇನ್ನೂ ಪತ್ತೆಯಿಲ್ಲ. ತಡೆಗೋಡೆ ಇವತ್ತಿಗೂ ಫೈಲಿನಲ್ಲೇ ಇದೆ.

ಸಿಲಬಸ್ ಸರಿ ಮಾಡಲಿ, ಇಲ್ಲದಿದ್ದರೆ ಕೋರ್ಸನ್ನೇ ಮುಚ್ಚಲಿ. ಲ್ಯಾಬಿಗೆ ನೆಟ್ ಕೊಡಲಿ, ಬರೆಗೆ ಗೋಡೆ ಕಟ್ಟಲಿ. ಸಭೆಗೆ ಮಾತ್ರ ಇನ್ನು ನನ್ನನ್ನು ಕರೆಯೋದು ಬೇಡ.

— ಒಬ್ಬ ಕಾಫಿ ಬೆಳೆಗಾರ, ನಾಪೋಕ್ಲು