ಆ ರಾತ್ರಿ 37 ಡಿಗ್ರಿ ಕಾಯ್ದ ಅಕ್ಕನಿಗೆ

ಶುಕ್ರವಾರ ವೈವಾ ಮುಗಿಯಿತು. ಅಂತೂ ಪಿಎಚ್‌ಡಿ ಆಯಿತು. ಫೋನ್ ಮಾಡಿದವರಿಗೆಲ್ಲ ಸರಿಯಾಗಿ ಮಾತಾಡಲೂ ಆಗಲಿಲ್ಲ, ಗಂಟಲು ಕಟ್ಟಿತ್ತು. ಲ್ಯಾಬಿನಲ್ಲಿ ಮನುಷ್ಯರ ಸ್ನಾಯು ಬೆಳೆಸುವುದು ನನ್ನ ಕೆಲಸ. ಅದು ಎಷ್ಟು ಸಲ ಕೆಟ್ಟಿತು ಎಂಬುದು ಕೇಳಿ ಕೇಳಿ ಗೆಳೆಯರಿಗೆಲ್ಲ ಬಾಯಿಪಾಠವಾಗಿದೆ. ಮತ್ತೆ ಬರೆಯುವುದಿಲ್ಲ.

ಗೈಡ್ ಮೇಡಂ, ಲ್ಯಾಬಿನ ಗೆಳೆಯರು, ಫೆಲೋಶಿಪ್ ತಡವಾದಾಗ ಬಾಡಿಗೆ ಕಟ್ಟಿದ ಅಪ್ಪ, ತಿಂಗಳು ತಪ್ಪದೆ ಚಟ್ನಿಪುಡಿ ಕಳಿಸಿದ ಅತ್ತೆ, ಎಲ್ಲರಿಗೂ ನಾನು ಋಣಿ.

ಆದರೆ ಬರೆಯಲು ಕೂತದ್ದು ನಮ್ಮ ಲ್ಯಾಬಿನ ಅಕ್ಕನಿಗಾಗಿ. ಗಾಜಿನ ಸಾಮಾನು ತೊಳೆದು, ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕುವವರು.

ಮೂರನೇ ವರ್ಷ, ಮಳೆಯ ರಾತ್ರಿ. ಕರೆಂಟ್ ಹೋಯಿತು, ಜನರೇಟರೂ ಕೈಕೊಟ್ಟಿತು. ಕೋಶಗಳನ್ನು ಮೈಬಿಸಿಯಲ್ಲಿ, ಅಂದರೆ 37 ಡಿಗ್ರಿಯಲ್ಲಿ, ಇಡುವ ಇನ್‌ಕ್ಯುಬೇಟರಿನಲ್ಲಿ ಪ್ಲೇಟುಗಳ ಮೇಲೆ, ಪುಟ್ಟ ಸಿಲಿಕೋನ್ ಕಂಬಗಳ ನಡುವೆ 24 ಸ್ನಾಯು ಎಳೆಗಳಿದ್ದವು. ಸ್ನಾಯುಗಳು ಕ್ರಮೇಣ ಕ್ಷಯಿಸುವ ಡುಶೆನ್ ಕಾಯಿಲೆ ಇರುವ ಒಬ್ಬ ಹುಡುಗನ ತೊಡೆಯಿಂದ ತೆಗೆದ ಚೂರಿನಿಂದ ಬಂದ ಕೋಶಗಳು. ಅವನ ಹೆಸರು ಗೊತ್ತಿಲ್ಲ, ಟ್ಯೂಬಿನ ಮೇಲೆ ಬರೀ ಸಂಖ್ಯೆ. ವಯಸ್ಸು ಗೊತ್ತು, ಒಂಬತ್ತು. ಈ ಕಾಯಿಲೆಯಲ್ಲಿ ಸ್ನಾಯುವನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೊಟೀನ್ ಇರುವುದಿಲ್ಲ. ಅದಿಲ್ಲದ ಇಲಿ ಬಹುಕಾಲ ಓಡಾಡಿಕೊಂಡೇ ಇರುತ್ತದೆ. ಈ ಮಕ್ಕಳಲ್ಲಿ ಹಲವರು ಹನ್ನೆರಡರ ಆಸುಪಾಸಿಗೆ ಗಾಲಿಕುರ್ಚಿಗೆ ಬರುತ್ತಾರೆ. ಇಲಿಯನ್ನೇ ನಂಬಿದರೆ ಸಾಲದು ಎಂದೇ ಮನುಷ್ಯರ ಸ್ನಾಯು ಬೆಳೆಸಲು ಹೊರಟದ್ದು. ಸಾಕಿದ್ದ ಕೋಶವೆಲ್ಲ ಆ ಪ್ಲೇಟುಗಳಲ್ಲೇ ಇತ್ತು. ಹೋದರೆ, ಆ ಮಗುವಿನ ಮಾಂಸ ಮತ್ತೆ ಕೇಳಲು ನಮಗೆ ಯಾವ ಮುಖ? ಕಾರಿಡಾರಿನಲ್ಲಿ ಕುಸಿದು ಕೂತು ಅತ್ತುಬಿಟ್ಟೆ.

ಕೊನೆಯ ಬಸ್ ತಪ್ಪಿ ಉಳಿದಿದ್ದ ಅಕ್ಕ, "ಅಳೋದೆಲ್ಲ ಆಮೇಲೆ ಕಣಮ್ಮ, ಮೊದ್ಲು ನೀರು ಕಾಯಿಸ್ಕೊಂಡು ಬಾ" ಅಂದರು.

ವಾಚ್‌ಮನ್ ತಾತನ ಸ್ಟೌವಿನಲ್ಲಿ ಕಾಯಿಸಿ ತಂದೆ. ಪ್ಲೇಟುಗಳಿಗೆ ಮೇಣದಂಥ ತೆಳು ಹಾಳೆ, ಪ್ಯಾರಾಫಿಲ್ಮ್, ಬಿಗಿದೆ. ಅಕ್ಕ ನೀರು ಹದಮಾಡಿ ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಪ್ಲೇಟುಗಳ ಸುತ್ತ ಜೋಡಿಸಿದರು. ಥರ್ಮಾಮೀಟರ್ 37ರಿಂದ 36ಕ್ಕೆ ಇಳಿದರೆ ಬಾಟಲಿ ಬದಲು. ಬೆಳಗಿನ ಜಾವ ಕರೆಂಟ್ ಬರುವವರೆಗೂ ಸೆರಗು ಹೊದ್ದು, ಬಾಣಂತಿ ಕೋಣೆಯಲ್ಲಿ ಕೂತ ಹಾಗೆ, ಪೆಟ್ಟಿಗೆಯ ಪಕ್ಕ ನೆಲದ ಮೇಲೇ ಕೂತಿದ್ದರು. ನನಗೆ ಎರಡು ಗಂಟೆ ನಿದ್ದೆ ಮಾಡಲು ಬಿಟ್ಟು, ತಾವು ಕಣ್ಣು ಮುಚ್ಚಲಿಲ್ಲ.

ಹತ್ತೊಂಬತ್ತು ಉಳಿದವು. ನಾಲ್ಕು ದಿನದ ಮೇಲೆ ಎಳೆಗೆ ವಿದ್ಯುತ್ ಕೊಟ್ಟಾಗ, ಸ್ನಾಯು ಸೆಳೆದು ಮೈಕ್ರೋಸ್ಕೋಪಿನಡಿ ಕಂಬ ಕೂದಲೆಳೆಯಷ್ಟು ಬಾಗಿತು. ಓಡಿಹೋಗಿ ಅಕ್ಕನನ್ನು ಕರೆತಂದು ತೋರಿಸಿದೆ. ಬಹಳ ಹೊತ್ತು ನೋಡಿದರು. "ಆ ಮಗೂದಾ ಇದು?" ಎಂದರು. ಹೌದು ಎಂದೆ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಬಗ್ಗಿದರು.

ಅಕ್ಕ, ನಾಳೆ ಮಹಾಪ್ರಬಂಧದ ಪ್ರತಿ ತರುತ್ತೇನೆ. ಒಳಗಿರುವುದೆಲ್ಲ ಇಂಗ್ಲಿಷು. ಕೃತಜ್ಞತೆಯ ಪುಟದ ಮೊದಲ ಸಾಲಿನಲ್ಲಿ ನಿಮ್ಮ ಹೆಸರು ಮಾತ್ರ ಕನ್ನಡದಲ್ಲಿದೆ.